ಸಾವಿರ ಡಬ್ಬಿ, ಆಯಿಯ ಎಪ್ಪತ್ತು ಸಾವಿರ

ಪೀಣ್ಯದ ಆ ಕಾರ್ಖಾನೆಯ ಮ್ಯಾನೇಜರ್ ನನ್ನ ಮುಂದೆ ಕಾಫಿ ಇಟ್ಟು, ‘ಎಂಒಕ್ಯೂ ಗೊತ್ತಲ್ಲ ಮೇಡಂ?’ ಎಂದು ಕೇಳಿದರು. ನಾನು ಗೊತ್ತು ಎನ್ನುವಂತೆ ತಲೆ ಆಡಿಸಿದೆ. ಗೊತ್ತಿರಲಿಲ್ಲ. ಕಾಫಿ ಕುಡಿಯುತ್ತಲೇ ಮೇಜಿನ ಕೆಳಗೆ ಮೊಬೈಲ್ ಹಿಡಿದು ಹುಡುಕಿದೆ. ಮಿನಿಮಮ್ ಆರ್ಡರ್ ಕ್ವಾಂಟಿಟಿ. ಅಂದರೆ ಇಷ್ಟಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲ ಎಂಬ ಲೆಕ್ಕ. ಆ ಮೂರು ಅಕ್ಷರ ಮುಂದಿನ ಎರಡು ವರ್ಷ ನನ್ನ ನಿದ್ದೆ ತಿನ್ನುತ್ತದೆ ಎಂದು ಆ ಕಾಫಿ ಹೊತ್ತಿನಲ್ಲಿ ಅನ್ನಿಸಲಿಲ್ಲ.

ಮೊದಲು ನನ್ನ ಕಥೆ ಸ್ವಲ್ಪ. ನಮ್ಮದು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಮನೆ ಹಿಂದಿನ ಬೆಟ್ಟದಲ್ಲಿ ಮುರುಗಲು ಮರಗಳಿವೆ. ಹಣ್ಣಿನ ಸಿಪ್ಪೆ ಸಾರಿಗೆ, ಶರಬತ್ತಿಗೆ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬೇ ಮುರುಗಲು ತುಪ್ಪ. ಆರಿದ ಮೇಲೆ ಅದನ್ನು ಉಂಡೆ ಕಟ್ಟಿಡುತ್ತಾರೆ. ಹಿಮ್ಮಡಿ ಒಡೆದರೆ, ತುಟಿ ಸಿಗಿದರೆ ನಮ್ಮ ಕಡೆ ಯಾರೂ ಮೆಡಿಕಲ್ ಶಾಪಿಗೆ ಹೋಗುವುದಿಲ್ಲ. ಉಂಡೆಯಿಂದ ಚೂರು ಕೆರೆದು ಬೆಚ್ಚಗೆ ಮಾಡಿ ಹಚ್ಚುತ್ತಾರೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಆಯಿ ಒಂದು ಉಂಡೆ ಕಟ್ಟಿ ಕೊಟ್ಟಿದ್ದಳು. ಪಿ.ಜಿ.ಯ ಹುಡುಗಿಯರು ಒಬ್ಬೊಬ್ಬರಾಗಿ ಹಚ್ಚಿಕೊಂಡರು, ಉಂಡೆ ಮುಗಿಯಿತು. ಮುಂದಿನ ಸಲ ಊರಿಗೆ ಹೋದಾಗ ಐದು ಉಂಡೆ ತಂದೆ. ಕೊಬ್ಬರಿ ಎಣ್ಣೆ, ಜೇನುಮೇಣ ಸೇರಿಸಿ ಕರಗಿಸಿ ಸಣ್ಣ ತಗಡಿನ ಡಬ್ಬಿಗೆ ಹಾಕಿ ನೂರು ರೂಪಾಯಿಗೆ ಮಾರತೊಡಗಿದೆ. ಒಂದು ಸಲಕ್ಕೆ 40 ಡಬ್ಬಿ. ಖಾಲಿಯಾದ ಮೇಲೆ ಇನ್ನು 40. ಆಗ ನಾನು ಎಷ್ಟು ಸುಖಿ ಅಂತ ಈಗ ಅರ್ಥವಾಗುತ್ತಿದೆ.

ಒಂದು ದಿನ ಶಿರಸಿಯ ಅಂಗಡಿಯೊಂದಕ್ಕೆ ಹತ್ತು ಡಬ್ಬಿ ಕೊಡಲು ಹೋದೆ. ಅಂಗಡಿಯ ಭಟ್ರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ, ‘ತಂಗೀ, ಲೈಸೆನ್ಸ್ ನಂಬರ್ ಎಲ್ಲಿ?’ ಅಂದರು. ಮುಖಕ್ಕೆ, ತುಟಿಗೆ ಹಚ್ಚುವುದನ್ನು ಮಾರಾಟಕ್ಕಾಗಿ ತಯಾರಿಸಲು ಲೈಸೆನ್ಸ್ ಬೇಕು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, ಅದರಡಿ ಬಂದ ಕಾಸ್ಮೆಟಿಕ್ಸ್ ರೂಲ್ಸ್ 2020 ಎರಡೂ ಅದನ್ನೇ ಹೇಳುತ್ತವೆ. ಪಿ.ಜಿ.ಯ ಇಂಡಕ್ಷನ್ ಒಲೆಗೆ ಆ ಲೈಸೆನ್ಸ್ ಯಾರೂ ಕೊಡುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ‘ಹೋಮ್ ಮೇಡ್’ ಅಂತ ಫೇಸ್ ಕ್ರೀಂ ಮಾರುವ ನನ್ನ ಎಷ್ಟೋ ಗೆಳತಿಯರಿಗೆ ಇದು ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದವರು ಸುಮ್ಮನಿದ್ದಾರೆ.

ಹಾಗಾದರೆ ದಾರಿ? ಲೈಸೆನ್ಸ್ ಇರುವ ಕಾರ್ಖಾನೆಯಲ್ಲಿ ಮಾಡಿಸಿ, ನಮ್ಮ ಹೆಸರು ಹಾಕಿ ಮಾರುವುದು. ಇದಕ್ಕೆ ಪ್ರೈವೇಟ್ ಲೇಬಲ್ ಅನ್ನುತ್ತಾರೆ. ಸೂಪರ್ ಮಾರ್ಕೆಟ್ಟಿನಲ್ಲಿ ಕ್ರೀಂ ಡಬ್ಬಿಯ ಹಿಂಬದಿ ತಿರುಗಿಸಿ ನೋಡಿ. ಮುಂದೆ ಒಂದು ಹೆಸರು, ಹಿಂದೆ ‘ಮ್ಯಾನುಫ್ಯಾಕ್ಚರ್ಡ್ ಬೈ’ ಅಂತ ಬೇರೆ ಹೆಸರು ಇರುವುದು ಬೇಕಾದಷ್ಟು ಸಿಗುತ್ತದೆ. ಅದೇ ಹುಡುಕಾಟದಲ್ಲಿ ನಾನು ಪೀಣ್ಯಕ್ಕೆ ಬಂದು ಕುಳಿತಿದ್ದೆ. ಕಾರ್ಖಾನೆಯ ಹೆಸರು ಬೇಡ. ನನ್ನ ಬ್ರಾಂಡಿನ ಹೆಸರೂ ಬೇಡ, ಜಾಹೀರಾತು ಆದೀತು.

‘ಒಂದು ಪ್ರಾಡಕ್ಟಿಗೆ ಸಾವಿರ ಪೀಸ್ ನಮ್ಮ ಎಂಒಕ್ಯೂ’ ಎಂದರು ಮ್ಯಾನೇಜರ್.

‘ಮುನ್ನೂರು ಆಗಲ್ವಾ ಸರ್?’

‘ಆಗುತ್ತೆ. ಸಣ್ಣ ಟ್ಯಾಂಕಲ್ಲಿ ಮಾಡಿಕೊಡಬಹುದು. ಆದ್ರೆ ರೇಟ್ ನೋಡಿ’ ಅಂತ ಒಂದು ಹಾಳೆ ಮುಂದಿಟ್ಟರು. 50 ಗ್ರಾಂ ಫೇಸ್ ಕ್ರೀಂ, ಡಬ್ಬಿ ಸೇರಿ: 300 ಪೀಸಾದರೆ ಒಂದಕ್ಕೆ 118 ರೂಪಾಯಿ. 500 ಆದರೆ 84. ಸಾವಿರಕ್ಕೆ 62.

ನೀವೇ ಹೇಳಿ, ಯಾರಿಗೆ ಆಸೆಯಾಗದು? ನಾನು ಬಸ್ಸಿನಲ್ಲಿ ಕೂತು ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ. 300ಕ್ಕೆ 35,400 ರೂಪಾಯಿ. ಸಾವಿರಕ್ಕೆ 62,000. ಅಂದರೆ ಇನ್ನು 26,600 ಸೇರಿಸಿದರೆ 700 ಡಬ್ಬಿ ಹೆಚ್ಚಿಗೆ ಬರುತ್ತದೆ, ಆ 700ಕ್ಕೆ ಬಿದ್ದದ್ದು ಬರೀ 38 ರೂಪಾಯಿ! ಎಂಆರ್‌ಪಿ 299 ಇಟ್ಟರೆ... ಗೊರಗುಂಟೆಪಾಳ್ಯ ಸಿಗ್ನಲ್ ದಾಟುವಷ್ಟರಲ್ಲಿ ನಾನು ಲಕ್ಷಾಧಿಪತಿ ಆಗಿದ್ದೆ. ಆ ಟಿಕೆಟ್ಟಿನ ಹಿಂದೆ ಬರೆಯದೇ ಬಿಟ್ಟ ಒಂದು ಅಂಕಿಯಿತ್ತು: ತಿಂಗಳಿಗೆ ಎಷ್ಟು ಮಾರುತ್ತೇನೆ ಎಂಬುದು.

ಈ ಸಾವಿರದ ಲೆಕ್ಕ ಎಲ್ಲಿಂದ ಬರುತ್ತದೆ ಎಂಬುದನ್ನು ಎರಡನೇ ಸಲ ಹೋದಾಗ ಅಲ್ಲಿನ ಸೂಪರ್‌ವೈಸರ್ ತೋರಿಸಿದರು. ತಲೆಗೆ ಟೋಪಿ, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಸಿ ಒಳಗೆ ಕರೆದೊಯ್ದರು. ಮದುವೆ ಮನೆಯ ಕೊಳದಪ್ಪಲೆಯಷ್ಟು ದೊಡ್ಡ ಸ್ಟೀಲ್ ಪಾತ್ರೆ, ಅದರ ತಳದಲ್ಲಿ ಎಣ್ಣೆಯನ್ನೂ ನೀರನ್ನೂ ಕಡೆದು ಒಂದು ಮಾಡುವ ಬ್ಲೇಡು. ‘ಇದು 50 ಕೆ.ಜಿ. ಟ್ಯಾಂಕ್. 50 ಗ್ರಾಮಿನಂತೆ ಸಾವಿರ ಡಬ್ಬಿ. ಹತ್ತು ಕೆ.ಜಿ. ಹಾಕಿದ್ರೆ ಬ್ಲೇಡೇ ಮುಳುಗಲ್ಲ, ಗಾಳಿ ಕಡೆಯುತ್ತೆ ಅಷ್ಟೆ’ ಎಂದರು. ಮಜ್ಜಿಗೆ ಕಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ದೊಡ್ಡ ಗಡಿಗೆಯಲ್ಲಿ ಒಂದು ಲೋಟ ಮೊಸರು ಹಾಕಿ ಕಡಗೋಲು ಆಡಿಸಿದ ಹಾಗೆ. ಆಮೇಲೆ ಒಂದು ಕ್ರೀಮಿನಿಂದ ಇನ್ನೊಂದಕ್ಕೆ ಹೋಗುವಾಗ ಟ್ಯಾಂಕು, ಪೈಪು, ತುಂಬುವ ಮೆಷಿನ್ನು ಎಲ್ಲ ತೊಳೆದು ಒಣಗಿಸಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. ಪ್ರತಿ ಬ್ಯಾಚಿಗೆ ಪಿಎಚ್ ನೋಡಬೇಕು, ಬ್ಯಾಕ್ಟೀರಿಯಾ, ಬೂಷ್ಟು ಇವೆಯೇ ಎಂದು ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು. 100 ಡಬ್ಬಿ ಆದರೂ ಪರೀಕ್ಷೆಯ ಖರ್ಚು ಅಷ್ಟೇ, 1000 ಆದರೂ ಅಷ್ಟೇ. ಹಾಗಾಗಿ ಆ ಕಾರ್ಖಾನೆಯವರು ನನ್ನ ಮೇಲೆ ಸಾವಿರ ಹೇರಿದರು ಎಂದು ದೂರಲಾರೆ. ಅವರಿಗೆ ಅವರ ಟ್ಯಾಂಕಿನ ಲೆಕ್ಕವಿತ್ತು. ನನಗೆ ನನ್ನ ಲೆಕ್ಕ ಇರಬೇಕಿತ್ತು.

ಇನ್ನೊಂದು ಆಸೆಯೂ ಅಲ್ಲೇ ಮುರಿಯಿತು. ನಮ್ಮ ಮನೆಯ ಮುರುಗಲು ತುಪ್ಪವನ್ನೇ ಹಾಕಿಸಬೇಕು ಅಂತ ಒಂದು ಡಬ್ಬದ ತುಂಬ ಒಯ್ದಿದ್ದೆ. ಸೂಪರ್‌ವೈಸರ್ ಮುಚ್ಚಳ ತೆಗೆದು ಮೂಸಿದರು, ಮುಗುಳ್ನಕ್ಕರು. ‘ಇದಕ್ಕೆ ಟೆಸ್ಟ್ ರಿಪೋರ್ಟ್ ಇಲ್ಲ ಅಲ್ವಾ ಮೇಡಂ. ನಾವು ಸಪ್ಲೈಯರ್‌ದೇ ಹಾಕ್ತೀವಿ.’ ಬಿಳಿ ಮಾಡಿ, ವಾಸನೆ ತೆಗೆದ ತುಪ್ಪ ಅದು. ಪ್ರೈವೇಟ್ ಲೇಬಲ್ ಅಂದರೆ ಅವರಲ್ಲಿ ಆಗಲೇ ತಯಾರಿರುವ ಫಾರ್ಮುಲಾ. ಅದಕ್ಕೆ ನೂರಕ್ಕೆ ಎರಡು ಪಾಲು ಮುರುಗಲು ಸೇರಿಸಿ ನನಗೆ ಕೊಡುತ್ತಾರೆ. ಸ್ಯಾಂಪಲ್ ಮನೆಗೆ ಒಯ್ದಾಗ ಆಯಿ ಅಂಗೈ ಮೇಲೆ ಹಚ್ಚಿ ಮೂಸಿ, ‘ಚೊಲೋ ಇದ್ದು. ಆದ್ರೆ ಮುರುಗಲು ಎಲ್ಲಿದ್ದೆ ಇದ್ರಲ್ಲಿ?’ ಅಂದಳು. ನಾನು ‘ಒಳಗಿದೆ’ ಅಂದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಮೂರು ವರ್ಷ ಕೂಡಿಟ್ಟ 1,20,000 ಇತ್ತು. ಫೇಸ್ ಕ್ರೀಂ ಸಾವಿರ, ಹಿಮ್ಮಡಿ ಬಾಮ್ ಸಾವಿರ ಅಂತ ತೀರ್ಮಾನವಾಗಿತ್ತು. ಬಾಮ್ ಒಂದಕ್ಕೆ 54 ರೂಪಾಯಿ. ಎರಡೂ ಸೇರಿ 1,16,000. ಸರಿಹೋಯಿತು ಅಂದುಕೊಂಡೆ. ಬಿಲ್ಲಿನ ಕೊನೆಯಲ್ಲಿ ಶೇ 18 ಜಿಎಸ್‌ಟಿ ಅಂತ 20,880 ಕೂತಿತ್ತು. ಹಾಳೆಯಲ್ಲಿದ್ದ ರೇಟು ತೆರಿಗೆ ಬಿಟ್ಟು ಎಂದು ಕೇಳದಿದ್ದುದು ನನ್ನದೇ ತಪ್ಪು. ಜೊತೆಗೆ ಹೊರಗಿನ ರಟ್ಟಿನ ಪೆಟ್ಟಿಗೆ, ಲೇಬಲ್ಲು ನನ್ನ ಪಾಲಿಗೆ.

ಇಲ್ಲಿ ಗೊತ್ತಾಗಿದ್ದು ಏನೆಂದರೆ, ಎಂಒಕ್ಯೂ ಒಂದಲ್ಲ, ಅದೊಂದು ಕುಟುಂಬ. ಕ್ರೀಮಿಗೆ ಒಂದು, ಡಬ್ಬಿಗೆ ಒಂದು, ಲೇಬಲ್ಲಿಗೆ ಒಂದು, ಪೆಟ್ಟಿಗೆಗೆ ಇನ್ನೊಂದು. ಒಂದಕ್ಕೊಂದು ಹೊಂದುವುದಿಲ್ಲ. ನಾನು ಮೊದಲು ಆಸೆಪಟ್ಟಿದ್ದು ಹೆಸರು ನೇರವಾಗಿ ಪ್ರಿಂಟ್ ಆದ ಟ್ಯೂಬಿಗೆ. ಕನಿಷ್ಠ ಹತ್ತು ಸಾವಿರ ಟ್ಯೂಬ್ ಅಂದರು, ಸುಮ್ಮನೆ ಎದ್ದು ಬಂದೆ. ಹಾಗಾಗಿ ಮಾಮೂಲಿ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಅಂಟಿಸುವ ಲೇಬಲ್. ಪೆಟ್ಟಿಗೆ ಮಾಡಿಸಲು ಸುಲ್ತಾನಪೇಟೆಯ ಒಂದು ಪ್ರೆಸ್ಸಿಗೆ ಹೋದೆ. ವಯಸ್ಸಾದ ಯಜಮಾನರು. ‘ಎರಡು ಸಾವಿರಕ್ಕೆ ಆರೂವರೆ ರೂಪಾಯಿ ಬೀಳುತ್ತಮ್ಮಾ, ಐದು ಸಾವಿರ ಮಾಡಿಸಿದ್ರೆ ಮೂರು ನಲವತ್ತು. ಪ್ಲೇಟ್ ಖರ್ಚು, ಡೈ ಖರ್ಚು ಎಲ್ಲಕ್ಕೂ ಒಂದೇ ತಾನೆ’ ಎಂದರು. 13,000ಕ್ಕೆ ಎರಡು ಸಾವಿರ. 17,000ಕ್ಕೆ ಐದು ಸಾವಿರ. ನಾಲ್ಕೇ ಸಾವಿರ ಹೆಚ್ಚು ಕೊಟ್ಟರೆ ಮೂರು ಸಾವಿರ ಪೆಟ್ಟಿಗೆ ಹೆಚ್ಚು. ಮತ್ತೆ ಅದೇ ಮಾಯೆ. ರಟ್ಟು ಹಾಳಾಗುವ ವಸ್ತುವಲ್ಲ, ಮುಂದಿನ ಬ್ಯಾಚಿಗೆ ಆಗುತ್ತದೆ ಎಂದುಕೊಂಡು ಎರಡು ನಮೂನೆ, ತಲಾ ಐದು ಸಾವಿರ ಮಾಡಿಸಿದೆ. 34,000. ಲೇಬಲ್ಲಿಗೆ ಎಂಟು ಸಾವಿರ. ಒಟ್ಟು ಲೆಕ್ಕ 1,78,880ಕ್ಕೆ ನಿಂತಿತು.

ಮುದ್ರಾ ಸಾಲಕ್ಕೆ ಬ್ಯಾಂಕಿಗೆ ಅರ್ಜಿ ಹಾಕೋಣ ಅಂದುಕೊಂಡಿದ್ದೆ. ಅದಕ್ಕೆ ಬೇಕಾದ ಕಾಗದ ಜೋಡಿಸುವ ತಾಳ್ಮೆ ಇರಲಿಲ್ಲ. ಊರಿಗೆ ಹೋಗಿ, ಬಚ್ಚಲ ಒಲೆಯ ಮುಂದೆ ಕೂತಿದ್ದ ಆಯಿಯ ಹತ್ತಿರ ಕೂತೆ. ಸೊಸೈಟಿಯಲ್ಲಿ ಅವಳ ಹೆಸರಿನಲ್ಲಿ ಅಡಿಕೆಯ ದುಡ್ಡು ಎಪ್ಪತ್ತು ಸಾವಿರ ಇತ್ತು. ಕೊಟ್ಟಿಗೆಯ ಮಾಡು ಬದಲಾಯಿಸಲು ಇಟ್ಟಿದ್ದು.

‘ಸಾವ್ರ ಡಬ್ಬಿ ತಗಂಡು ಎಂತ ಮಾಡ್ತ್ಯೆ ಕೂಸೆ? ನಮ್ಮೂರಲ್ಲಿ ಅಷ್ಟು ಜನನೇ ಇಲ್ಲೆ’ ಅಂದಳು. ಅವಳು ತಮಾಷೆಗೆ ಹೇಳಿದ್ದು. ಆ ಇಡೀ ವ್ಯವಹಾರದಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ ಆಗಿತ್ತು. ನಾನು ಆನ್‌ಲೈನ್, ಬೆಂಗಳೂರು, ಎಕ್ಸಿಬಿಷನ್ ಎಂದೆಲ್ಲ ಅರ್ಧ ಗಂಟೆ ಮಾತಾಡಿದೆ. ಅವಳು ಒಲೆಗೆ ಇನ್ನೊಂದು ಸೌದೆ ದೂಡಿ, ‘ಅಪ್ಪಯ್ಯಂಗೆ ಆನೇ ಹೇಳ್ತಿ, ನೀ ಹೇಳಡ’ ಅಂದಳು. ಹೇಳಲಿಲ್ಲ.

ಐವತ್ತು ಪರ್ಸೆಂಟ್ ಅಡ್ವಾನ್ಸ್, ಉಳಿದದ್ದು ಮಾಲು ಹೊರಡುವ ಮೊದಲು. ಒಂದೂವರೆ ತಿಂಗಳ ನಂತರ ಫೋನ್ ಬಂತು. ಕ್ರೀಂ 1,060 ಆಗಿದೆ, ಬಾಮ್ 1,035 ಆಗಿದೆ. ಹೆಚ್ಚು ಬಂದದ್ದಕ್ಕೂ ದುಡ್ಡು ಕಟ್ಟಬೇಕು. ಒಪ್ಪಂದದ ಹಾಳೆಯಲ್ಲಿ ‘ಶೇ 10 ಹೆಚ್ಚು ಕಡಿಮೆ’ ಎಂಬ ಸಾಲಿತ್ತು, ನಾನು ಸಹಿಯನ್ನೂ ಹಾಕಿದ್ದೆ. ತೆರಿಗೆ ಸೇರಿ 6,620 ರೂಪಾಯಿ. ಎಲ್ಲ ಕಟ್ಟಿದ ಮೇಲೆ 1,90,000ದಲ್ಲಿ ನನ್ನ ಬಳಿ ಉಳಿದದ್ದು ನಾಲ್ಕೂವರೆ ಸಾವಿರ. ಜಾಹೀರಾತಿಗೆ, ಫೋಟೊಗೆ, ಕೊರಿಯರಿಗೆ, ಸ್ಟಾಲ್ ಬಾಡಿಗೆಗೆ ಎಲ್ಲಕ್ಕೂ ಅಷ್ಟೇ. ಡಬ್ಬಿ ಇದೆ, ಅದು ಇದೆ ಎಂದು ಲೋಕಕ್ಕೆ ಹೇಳಲು ಕಾಸಿಲ್ಲ.

ಮಾಲು ಮೊದಲು ಪಿ.ಜಿ.ಗೆ ಬಂತು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎರಡು ಸಾವಿರ ಡಬ್ಬಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಕಾಗದದ ಮೇಲೆ ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಮಂಚದ ಕೆಳಗೆ, ಮಂಚದ ಮೇಲೆ, ರೂಂಮೇಟಿನ ಕಪಾಟಿನ ಪಕ್ಕ, ಆಮೇಲೆ ಮೆಟ್ಟಿಲ ತಿರುವಿನಲ್ಲಿ. ಪಿ.ಜಿ. ಆಂಟಿ ನಾಲ್ಕನೇ ದಿನ, ‘ಇದು ಗೋಡೌನಾ?’ ಅಂದರು. ಅರ್ಧಕ್ಕಿಂತ ಹೆಚ್ಚನ್ನು ಪಾರ್ಸೆಲ್ ಲಾರಿಯಲ್ಲಿ ಊರಿಗೆ ಕಳಿಸಿದೆ. ಲಾರಿ ಮನೆ ಮುಂದೆ ನಿಂತಾಗ ಜಗುಲಿಯಲ್ಲಿ ಅಪ್ಪಯ್ಯ ಕವಳ ಹಾಕುತ್ತಾ ಕೂತಿದ್ದ. ಒಂದೊಂದೇ ರಟ್ಟಿನ ಪೆಟ್ಟಿಗೆ ಇಳಿಯುವುದನ್ನು ನೋಡಿದ. ಎಣಿಸಿದ ಅಂತ ಕಾಣುತ್ತದೆ. ಆಯಿಯ ಮುಖ ನೋಡಿದ. ಏನೂ ಕೇಳಲಿಲ್ಲ, ಎದ್ದು ತೋಟಕ್ಕೆ ಹೋದ. ಬೈದಿದ್ದರೆ ಒಳ್ಳೆಯದಿತ್ತು ಎಂದು ಆಯಿ ಆಮೇಲೆ ಫೋನಿನಲ್ಲಿ ಹೇಳಿದಳು.

ಮಾರಾಟ ಹೇಗಾಯಿತು? ಮೊದಲ ತಿಂಗಳು ಗೆಳತಿಯರು, ಆಫೀಸಿನವರು, ನೆಂಟರು ಸೇರಿ 90 ಡಬ್ಬಿ. ನಾನು ಕುಣಿದಾಡಿದೆ. ಎರಡನೇ ತಿಂಗಳು 22. ಮೂರನೇ ತಿಂಗಳು 14. ಅಂಗಡಿಗೆ ಕೊಟ್ಟರೆ 299ರಲ್ಲಿ ಶೇ 35 ಅವರಿಗೆ. ಉಳಿದ 194 ರೂಪಾಯಿ ಕೂಡ ಮಾರಾಟವಾದ ಮೇಲೆ, ನಾನು ನಾಲ್ಕು ಸಲ ಫೋನ್ ಮಾಡಿದ ಮೇಲೆ. ಆರು ತಿಂಗಳು ಕಳೆದಾಗ ಲೆಕ್ಕ ತೆಗೆದೆ. ಫೇಸ್ ಕ್ರೀಂ 180 ಹೋಗಿತ್ತು. ತಿಂಗಳಿಗೆ ಸರಾಸರಿ 30. ಉಳಿದದ್ದು 880. ಹೀಗೇ ಹೋದರೆ 29 ತಿಂಗಳು ಬೇಕು. ಡಬ್ಬಿಯ ಆಯಸ್ಸು ತಯಾರಾದ ದಿನದಿಂದ 24 ತಿಂಗಳು, ಅದರಲ್ಲಿ ಆರು ಮುಗಿದಿತ್ತು.

ಆ ರಾತ್ರಿ ಹೊಳೆದದ್ದನ್ನು ನನ್ನಂತೆ ಹೊರಟಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಎಂಒಕ್ಯೂ ಅನ್ನು ಡಬ್ಬಿಯಲ್ಲಿ ಎಣಿಸಬಾರದು, ತಿಂಗಳಲ್ಲಿ ಎಣಿಸಬೇಕು. ಸಾವಿರ ಅಂದರೆ ನನಗೆ 33 ತಿಂಗಳು. ಅಂಗಡಿಯವರು ಅವಧಿ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಉಳಿದ ಮಾಲು ಮುಟ್ಟುವುದಿಲ್ಲ. ಹಾಗಾಗಿ 24 ತಿಂಗಳ ಆಯಸ್ಸಿನ ಕ್ರೀಮಿಗೆ ನನಗೆ ನಿಜವಾಗಿ ಸಿಗುವುದು 18 ತಿಂಗಳು. ಹದಿನೆಂಟು ಮೂವತ್ತಲೆ 540. ಸಾವಿರಕ್ಕೆ 62,000 ಕೊಟ್ಟು 540 ಮಾತ್ರ ಮಾರಿದರೆ ಒಂದಕ್ಕೆ ಬಿದ್ದದ್ದು 115 ರೂಪಾಯಿ. 300ಕ್ಕೆ ಕೇಳಿದ್ದ 118ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮೂರು ರೂಪಾಯಿ! ಅದನ್ನು ದುಬಾರಿ ಎಂದು ಬಿಟ್ಟು ಬಂದಿದ್ದೆ. 300 ತಂದಿದ್ದರೆ 26,600 ರೂಪಾಯಿ ಕೈಯಲ್ಲಿರುತ್ತಿತ್ತು. ಹತ್ತು ತಿಂಗಳಲ್ಲಿ ಮುಗಿಸಿ ಇನ್ನೊಂದು 300 ತರಬಹುದಿತ್ತು, ಜನ ಹೇಳಿದ್ದನ್ನು ಕೇಳಿ ಬದಲಾಯಿಸಿ ತರಬಹುದಿತ್ತು.

ಜನ ಹೇಳಿದ್ದು ಬೇಕಾದಷ್ಟಿತ್ತು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ಸಲ ಗೆಳತಿಯ ಬಳೆ ಅಂಗಡಿಯ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಫೇಸ್ ಕ್ರೀಮನ್ನು ಯಾರೂ ತಿರುಗಿ ನೋಡಲಿಲ್ಲ. ಅಂಥದ್ದು ಎಲ್ಲ ಕಡೆ ಸಿಗುತ್ತದೆ. ಆದರೆ ಹಿಮ್ಮಡಿ ಬಾಮನ್ನು ಹೆಂಗಸರು ಎತ್ತಿಕೊಂಡು ಕೈಗೆ ಹಚ್ಚಿ ನೋಡುತ್ತಿದ್ದರು. ಅಡಿಕೆ ಸುಲಿಯಲು ಹೋಗುವವರು. ಸುಗ್ಗಿಯ ಹೊತ್ತಿಗೆ ಅವರ ಬೆರಳುಗಳು ಅಡಿಕೆ ಚೊಗರಿಗೆ ಕಪ್ಪಾಗಿ, ಸೀಳಿ ಹೋಗಿರುತ್ತವೆ. ಬೆಲೆ ಕೇಳುತ್ತಿದ್ದರು. 249 ಅಂದಾಗ ಮೆಲ್ಲಗೆ ಕೆಳಗಿಡುತ್ತಿದ್ದರು. ಒಬ್ಬಾಕೆ, ‘ಇದರ ಸಣ್ಣದು ಇಲ್ವನ್ರಾ? ಐವತ್ತು ಅರವತ್ತು ರೂಪಾಯಿದು? ಸೊಂಟದ ಚೀಲದಲ್ಲಿ ಇಟ್ಕಳೂಕೆ’ ಎಂದು ಕೇಳಿದಳು. ಇಲ್ಲ ಅಂದೆ. ಅವತ್ತು ಆ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಹತ್ತಿಪ್ಪತ್ತು ಸಲ ಕೇಳಿದೆ. ಗಿರಾಕಿ ಎದುರಿಗೇ ನಿಂತಿದ್ದಾಳೆ, ಬೇಕಾದ್ದು ಏನೆಂದು ಬಾಯಿಬಿಟ್ಟು ಹೇಳುತ್ತಿದ್ದಾಳೆ. ನನ್ನ ಹತ್ತಿರ ಅದು ಬಿಟ್ಟು ಬೇರೆಲ್ಲ ಒಂದೂವರೆ ಸಾವಿರ ಇದೆ.

ಏಪ್ರಿಲ್‌ನಲ್ಲಿ ಇನ್ನೊಂದು ಆಯಿತು. ಊರಿನಲ್ಲಿ ಪೆಟ್ಟಿಗೆಗಳನ್ನು ಇಟ್ಟದ್ದು ಅಡುಗೆಮನೆ ಮೇಲಿನ ಅಟ್ಟದಲ್ಲಿ. ಕೆಳಗಿಂದ ಒಲೆಯ ಕಾವು, ಮೇಲಿಂದ ಹಂಚಿನ ಕಾವು. ಮುರುಗಲು ತುಪ್ಪ ಕರಗಲು 40 ಡಿಗ್ರಿಯ ಆಸುಪಾಸು ಸಾಕು. ಎಣ್ಣೆ ಬೆರೆತ ಬಾಮಿಗೆ ಅಷ್ಟೂ ಬೇಡ. ಮೇಲಿನ ಸಾಲಿನ ಡಬ್ಬಿಗಳು ಹಗಲು ಕರಗಿ, ರಾತ್ರಿ ನಿಧಾನಕ್ಕೆ ಗಟ್ಟಿಯಾಗಿ ಒಳಗೆಲ್ಲ ರವೆ ರವೆ. ಆಯಿ ಫೋನ್ ಮಾಡಿ, ‘ತುಪ್ಪ ಹರಳು ಕಟ್ಟಿದಾಂಗೆ ಆಯ್ದೆ’ ಎಂದಳು. ಹಚ್ಚಿದರೆ ತೊಂದರೆಯಿಲ್ಲ, ಆದರೆ ಮಾರಲು ಬರುವುದಿಲ್ಲ. 130 ಡಬ್ಬಿ ಹಾಗೆ ಹೋಯಿತು. ಮಾಲು ಮಾಡಿಸುವ ಮೊದಲು ಅದನ್ನು ಎಲ್ಲಿಡುತ್ತೇನೆ ಎಂದು ಯೋಚಿಸಬೇಕು ಎಂಬುದನ್ನು ಯಾವ ಸ್ಟಾರ್ಟ್‌ಅಪ್ ವಿಡಿಯೊದಲ್ಲೂ ನಾನು ನೋಡಿರಲಿಲ್ಲ.

ಹದಿನೆಂಟು ತಿಂಗಳಾದ ಮೇಲೆ ಕ್ರೀಮನ್ನು 149ಕ್ಕೆ ಇಳಿಸಿದೆ, ಆಮೇಲೆ ಬಾಮಿನ ಜೊತೆ ಪುಕ್ಕಟೆ ಕೊಟ್ಟೆ, ಮದುವೆ ಮುಂಜಿಗೆ ಉಡುಗೊರೆ ಮಾಡಿದೆ. ಕೊನೆಗೂ 310 ಡಬ್ಬಿ ಉಳಿದವು. ದಿನಾಂಕ ದಾಟಿತು. ಯಾರಿಗೂ ಕೊಡುವಂತಿಲ್ಲ. ಒಂದು ಭಾನುವಾರ ಹಿತ್ತಿಲಲ್ಲಿ ಕೂತು ನಾನೂ ಆಯಿಯೂ ಒಂದೊಂದೇ ಡಬ್ಬಿಯ ಲೇಬಲ್ ಕೆರೆದು, ಕ್ರೀಂ ತೆಗೆದು ಗುಂಡಿಗೆ ಹಾಕಿದೆವು. ಬಿಳಿ ಕ್ರೀಂ ಚೆನ್ನಾಗಿಯೇ ಇತ್ತು, ವಾಸನೆಯೂ ಕೆಟ್ಟಿರಲಿಲ್ಲ. ಆಯಿ ಒಂದೂ ಮಾತಾಡದೆ ಡಬ್ಬಿ ತೊಳೆದಳು. ಆ ವರ್ಷದ ಮಳೆಗಾಲದಲ್ಲಿ ಕೊಟ್ಟಿಗೆಗೆ ನೀಲಿ ತಾಡಪಾಲು ಹೊದೆಸಿದ್ದರು. ಗಾಳಿಗೆ ಅದು ರಾತ್ರಿಯಿಡೀ ಪಟಪಟ ಬಡಿಯುತ್ತಿತ್ತು. ಆ ಸದ್ದು ಕೇಳುತ್ತಾ ಮಲಗಿದ ರಾತ್ರಿಗಳನ್ನು ನಾನು ಯಾವ ಬಿಲ್ಲಿನಲ್ಲೂ ಸೇರಿಸಿಲ್ಲ.

ಈಗ? ಬಿಟ್ಟಿಲ್ಲ. ಹುಬ್ಬಳ್ಳಿ ಕಡೆಯ ಒಂದು ಸಣ್ಣ ಘಟಕ ಸಿಕ್ಕಿತು. ಈ ಸಲ ಹೋಗಿ ಕೂತ ತಕ್ಷಣ ಎಂಒಕ್ಯೂ ಎಷ್ಟು ಎಂದು ಕೇಳಲಿಲ್ಲ, ನಿಮ್ಮ ಎಲ್ಲಕ್ಕಿಂತ ಸಣ್ಣ ಪಾತ್ರೆ ಎಷ್ಟು ಕೆ.ಜಿ.ದು ಎಂದು ಕೇಳಿದೆ. ಹತ್ತು ಕೆ.ಜಿ. ಎಂದರು. ಬಾಮಿನಲ್ಲಿ ನೀರಿಲ್ಲ. ಕರಗಿಸಿ ಸುರಿಯುವುದಷ್ಟೇ, ದೊಡ್ಡ ಬ್ಲೇಡು ಬೇಡ. ಹತ್ತು ಕೆ.ಜಿ. ಅಂದರೆ 20 ಗ್ರಾಮಿನ 500 ತಗಡಿನ ಡಬ್ಬಿ. ಒಂದಕ್ಕೆ 31 ರೂಪಾಯಿ, ‘ತೆರಿಗೆ ಸೇರಿಯೋ ಬಿಟ್ಟೋ?’ ಎಂದು ಕೇಳಿ, ಸೇರಿಯೇ ಎಂದು ಬರೆಸಿಕೊಂಡೆ. ಮೊದಲೇ ಪರೀಕ್ಷೆ ಮಾಡಿಸಿ ರಿಪೋರ್ಟ್ ಕೊಟ್ಟರೆ ನಮ್ಮೂರಿನ ಮುರುಗಲು ತುಪ್ಪ ಹಾಕಲೂ ಒಪ್ಪಿದರು. ಲೇಬಲ್ ಡಿಜಿಟಲ್ ಪ್ರಿಂಟಿನಲ್ಲಿ 600 ಮಾತ್ರ. ಒಂದಕ್ಕೆ ದುಬಾರಿ, ಒಟ್ಟಿಗೆ ಅಗ್ಗ. ಹೊರಗೆ ಪೆಟ್ಟಿಗೆ ಇಲ್ಲ. ಬೆಲೆ 69 ರೂಪಾಯಿ. ಅಡಿಕೆ ಸುಗ್ಗಿಗೆ ಸರಿಯಾಗಿ ಬಂತು, ಸಂಕ್ರಾಂತಿ ಕಳೆದು ವಾರದಲ್ಲಿ ಮುಗಿಯಿತು. ಅಂಥದ್ದೇ ಎರಡನೇ 500 ಈಗ ಅರ್ಧ ಆಗಿದೆ. ಶ್ರೀಮಂತಿಕೆ ಏನೂ ಬಂದಿಲ್ಲ, ಕೆಲಸ ಬಿಟ್ಟಿಲ್ಲ. ಆಯಿಗೆ ಇಲ್ಲಿಯವರೆಗೆ 46,000 ವಾಪಸು ಹಾಕಿದ್ದೇನೆ. ಕೊಟ್ಟಿಗೆಯ ಮಾಡು ಈ ಬೇಸಿಗೆಯಲ್ಲಿ ಅರ್ಧ ಆಯಿತು. ಅಪ್ಪಯ್ಯ ಈಗ ಸುಲಿಯಲು ಬಂದವರಿಗೆ ತಾನೇ ಡಬ್ಬಿ ತೋರಿಸುತ್ತಾನಂತೆ. ನನ್ನ ಎದುರಿಗೆ ಮಾತ್ರ ಆ ವಿಷಯ ಎತ್ತುವುದಿಲ್ಲ.

ಉಳಿದದ್ದು ಆ ರಟ್ಟಿನ ಪೆಟ್ಟಿಗೆಗಳು. ಹತ್ತು ಸಾವಿರದಲ್ಲಿ ಎರಡು ಸಾವಿರದಷ್ಟು ಖರ್ಚಾಗಿ, ಸುಮಾರು ಎಂಟು ಸಾವಿರ ಚಪ್ಪಟೆಯಾಗಿ ಕಟ್ಟು ಕಟ್ಟು ಉಳಿದಿವೆ. ಅವುಗಳ ಮೇಲೆ ಹಳೆಯ ಕಾರ್ಖಾನೆಯ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಅಚ್ಚಾಗಿದೆ. ಕಾರ್ಖಾನೆ ಬದಲಾದರೆ ಪೆಟ್ಟಿಗೆಯೂ ಬದಲಾಗಲೇಬೇಕು. ಮೇಲೆ ಚೀಟಿ ಅಂಟಿಸಿ ತಿದ್ದೋಣ ಎಂದರೆ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳನ್ನು ಸ್ಟಿಕ್ಕರ್ ಹಚ್ಚಿ ಬದಲಾಯಿಸಲು ಕಾನೂನು ಬಿಡುವುದಿಲ್ಲ. ಎಂಆರ್‌ಪಿ ಇಳಿಸಲು ಮಾತ್ರ ಅವಕಾಶ. ರಟ್ಟು ಹಾಳಾಗುವುದಿಲ್ಲ ಎಂದುಕೊಂಡಿದ್ದೆನಲ್ಲ, ನಿಜ, ಹಾಳಾಗಿಲ್ಲ. ಬಚ್ಚಲ ಒಲೆಗೆ ದಿನಾ ನಾಲ್ಕು ಹೋಗುತ್ತವೆ. ಹೂವಿನ ಬೀಜ, ಬಸಳೆ ಬೀಜ ಹಾಕಿಡಲು ಆಯಿಗೆ ಅವೇ ಬೇಕು. ಮನೆಗೆ ಬಂದ ನೆಂಟರಿಗೆ ಒಣಗಿಸಿದ ಮುರುಗಲು ಸಿಪ್ಪೆಯನ್ನೂ ಅದರಲ್ಲೇ ತುಂಬಿ ಕೊಡುತ್ತಾಳೆ. ಮೊನ್ನೆ ಸಾಗರದ ಚಿಕ್ಕಮ್ಮ ಫೋನ್ ಮಾಡಿ, ಪೆಟ್ಟಿಗೆಯ ಮೇಲೆ ದಿನಕ್ಕೆ ಎರಡು ಸಲ ಮುಖಕ್ಕೆ ಹಚ್ಚಿ ಎಂದು ಬರೆದಿದೆಯಲ್ಲ, ಸಿಪ್ಪೆಯನ್ನು ನೆನೆಸಿ ಅರೆಯಬೇಕೋ ಹಾಗೇ ತಿಕ್ಕಬೇಕೋ ಎಂದು ಕೇಳಿದಳು. ಸಾರು ಮಾಡಿ ಚಿಕ್ಕಮ್ಮಾ ಎಂದೆ.